ವೈರು ಕೈಯಲ್ಲೇ ಇತ್ತು

ವಿಚಿತ್ರ ಅನುಭವಗಳನ್ನು ಹೇಳುವವರ ಬಗ್ಗೆ ನನಗೆ ಬಹಳ ಕಾಲ ಒಂದು ಬಗೆಯ ಅಸಹನೆ ಇತ್ತು. ಅವರು ಸುಳ್ಳು ಹೇಳುತ್ತಾರೆ ಎಂದಲ್ಲ, ಸರಿಯಾಗಿ ನೋಡಿರುವುದಿಲ್ಲ ಎಂದು. ಕತ್ತಲಿತ್ತು, ನಿದ್ದೆಗಣ್ಣಿತ್ತು, ಹೆದರಿಕೆಯಿತ್ತು ಎಂದು ಮನಸ್ಸಿನಲ್ಲೇ ಕಾರಣ ಕೊಟ್ಟು ಮುಗಿಸಿಬಿಡುತ್ತಿದ್ದೆ. ಈಗ ನಾನು ಹೇಳಹೊರಟಿರುವುದು ನಡೆದದ್ದು ಹಾಡಹಗಲಲ್ಲಿ. ಮೇಲಾಗಿ ಅದು ನಾನು ಓದಿದ ವಿಷಯಕ್ಕೇ ಸಂಬಂಧಪಟ್ಟದ್ದು. ಹಾಗಾಗಿ ನನಗೆ ತಿಳಿಯಲಿಲ್ಲ ಎಂದು ಹೇಳಿ ಪಾರಾಗುವ ದಾರಿ ನನಗಿಲ್ಲ.

ಆಗ ನಾನು ಕಂಪ್ಯೂಟರ್ ಸೈನ್ಸಿನಲ್ಲಿ ಎಂ.ಎಸ್ಸಿ. ಮುಗಿಸಿ, ಕೆಲಸಕ್ಕೆ ಅರ್ಜಿ ಹಾಕುತ್ತಾ ಊರಲ್ಲಿದ್ದೆ. ನಮ್ಮೂರು ಮಂಡಿಕಲ್ಲಿನಿಂದ ಸ್ವಲ್ಪ ಒಳಗೆ. ಫೋನಿನ ತಂತಿಯಲ್ಲೇ ಬರುವ ಬ್ರಾಡ್‌ಬ್ಯಾಂಡ್ ಹಿಂದಿನ ವರ್ಷವಷ್ಟೇ ಬಂದಿತ್ತು. ನನ್ನ ತಂಗಿ ಸುಮ ಪಿ.ಯು.ಸಿ. ಮುಗಿಸಿ ಆರ್ಕಿಟೆಕ್ಚರ್ ಓದಬೇಕೆಂದು ಹಟ ಹಿಡಿದು ಪ್ರವೇಶ ಪರೀಕ್ಷೆ ಬರೆದಿದ್ದಳು. ಸೀಟು ಸಿಗಬಹುದಾದಷ್ಟು ರ‍್ಯಾಂಕೂ ಬಂದಿತ್ತು. ಆದರೆ ಅಷ್ಟರಲ್ಲಿ ಗೌರಿಬಿದನೂರಿನಿಂದ ಅವಳಿಗೊಂದು ಸಂಬಂಧ ಬಂದಿತ್ತು. ಹುಡುಗನ ಕಡೆಯವರು ಅಪ್ಪನಿಗೆ ಬೇಕಾದವರು. ವಾರವೆಲ್ಲ ಮನೆಯಲ್ಲಿ ಇದೇ ಮಾತು. ಕೊನೆಗೆ ಶನಿವಾರ ರಾತ್ರಿ ಊಟಕ್ಕೆ ಕೂತಾಗ ಅಪ್ಪ ತಲೆ ಎತ್ತದೆ, "ಆಯ್ತು, ಒಂದು ಸಲ ಹಾಕ್ಲಿ. ಸಿಗದಿದ್ರೆ ಅವ್ರಿಗೆ ಹ್ಞೂಂ ಅಂತೀನಿ. ಆಮೇಲೆ ಯಾರೂ ಮಾತಾಡಂಗಿಲ್ಲ" ಎಂದರು.

ಯಾವ ಯಾವ ಕಾಲೇಜು ಬೇಕೆಂಬುದನ್ನು ಇಂಟರ್ನೆಟ್ಟಿನಲ್ಲೇ ತುಂಬಿ ಕಳಿಸಬೇಕಿತ್ತು. ಅದಕ್ಕೆ ಮಾರನೆಯ ದಿನವೇ ಕಡೆಯ ದಿನ, ಸಂಜೆ ಐದಕ್ಕೆ ಮುಚ್ಚುತ್ತಿತ್ತು.

ಭಾನುವಾರ ಬೆಳಿಗ್ಗೆ ಅಪ್ಪ, ಅಮ್ಮ ಬೈಕಿನಲ್ಲಿ ಶಿಡ್ಲಘಟ್ಟಕ್ಕೆ ನಾಮಕರಣವೊಂದಕ್ಕೆ ಹೋದರು. ಮನೆಯಲ್ಲಿದ್ದ ಒಂದೇ ಮೊಬೈಲು ಅಪ್ಪನ ಜೇಬಿನಲ್ಲಿ ಹೋಯಿತು. ಉಳಿದವರು ನಾನು, ಸುಮ ಮತ್ತು ಅಪ್ಪನ ತಾಯಿ, ನಮ್ಮಜ್ಜಿ. ಕಾಲೇಜುಗಳನ್ನು ಯಾವ ಕ್ರಮದಲ್ಲಿ ಹಾಕಬೇಕೆಂದು ಚರ್ಚಿಸುವುದರಲ್ಲೇ ಮಧ್ಯಾಹ್ನವಾಯಿತು. ಊಟ ಮುಗಿಸಿ ಕಂಪ್ಯೂಟರ್ ಹಾಕಿದರೆ ಪರದೆಯ ಕೆಳಗಿನ ಮೂಲೆಯಲ್ಲಿ ಕೆಂಪು ಗುರುತು. ಅದರ ಮೇಲೆ ಮೌಸಿನ ಬಾಣವಿಟ್ಟರೆ, ಇಂಟರ್ನೆಟ್ ಸಂಪರ್ಕ ಇಲ್ಲ ಎನ್ನುವ ಒಂದು ಸಾಲು.

"ಅಕ್ಕ, ಬಸ್ ಬರೋ ಹೊತ್ತಾಯ್ತು. ಚಿಕ್ಕಬಳ್ಳಾಪುರಕ್ಕೆ ಹೋಗ್ಬಿಡಣ, ಸೈಬರ್‌ನಲ್ಲಿ ಹಾಕಣ" ಎಂದಳು ಸುಮ.

ನಾನು ಬ್ರೌಸರ್ ತೆರೆದು ನೋಡಿದೆ. ಪ್ರವೇಶದ ಪುಟ ತಡವಿಲ್ಲದೆ ಬಂತು. ಇದು ಆಗಾಗ ಆಗುವ ತೊಂದರೆ. ಸಂಪರ್ಕ ಇದ್ದರೂ ಕಂಪ್ಯೂಟರು ಇಲ್ಲವೆಂದು ತಪ್ಪಾಗಿ ತಿಳಿಯುತ್ತದೆ. "ನೆಟ್ ಇದೆ ಕಣೇ, ಇದೇ ಸುಳ್ಳು ಹೇಳ್ತಿದೆ" ಎಂದೆ. ಬಸ್ಸು ಹಾರ್ನ್ ಹಾಕುತ್ತಾ ಹೋದದ್ದು ಇಬ್ಬರಿಗೂ ಕೇಳಿಸಿತು. ಐದರೊಳಗೆ ಚಿಕ್ಕಬಳ್ಳಾಪುರ ತಲುಪಿಸುವ ಬಸ್ಸು ಇನ್ನು ಇರಲಿಲ್ಲ.

ಮೊದಲು ಗುರುತು ಹೋಗಲಿ, ಆಮೇಲೆ ತುಂಬೋಣ ಎಂದುಕೊಂಡೆ. ನಡುವೆ ಕೈಕೊಟ್ಟರೆ ಕಷ್ಟ. ಕಂಪ್ಯೂಟರನ್ನು ಆರಿಸಿ ಮತ್ತೆ ಹಾಕಿದೆ. ಸೆಟ್ಟಿಂಗುಗಳನ್ನು ಒಂದೊಂದಾಗಿ ನೋಡಿದೆ. ತಾರೀಕು, ಗಂಟೆ ಸರಿ ಇದ್ದವು. ಕೆಂಪು ಗುರುತು ಮಾತ್ರ ಹಾಗೇ ಇತ್ತು. ಕೊನೆಗೆ ಪರದೆಯ ಮೇಲೆ ಆಜ್ಞೆ ಬರೆಯುವ ಕಪ್ಪು ಕಿಟಕಿಯೊಂದನ್ನು ತೆರೆದು ಪಿಂಗ್ ಮಾಡಿದೆ. ತಿಳಿಯದವರಿಗೆ ಹೇಳುವುದಾದರೆ, ದೂರದ ಒಂದು ಕಂಪ್ಯೂಟರಿನ ವಿಳಾಸಕ್ಕೆ ನಮ್ಮ ಕಂಪ್ಯೂಟರಿನಿಂದ ಒಂದು ಸಣ್ಣ ಕೂಗು ಹಾಕುವುದು. ಅಲ್ಲಿಂದ ಓಗೊಟ್ಟರೆ ದಾರಿ ಸರಿಯಿದೆ ಎಂದರ್ಥ. ಓಗೊಡಲು ಎಷ್ಟು ಹೊತ್ತು ಹಿಡಿಯಿತು ಎಂಬುದೂ ಪಕ್ಕದಲ್ಲೇ ಬರುತ್ತದೆ. ನಿಲ್ಲಿಸುವವರೆಗೂ ಕೂಗುತ್ತಲೇ ಇರುವಂತೆ ಮಾಡಿದೆ. ಒಂದರ ಕೆಳಗೊಂದು ಉತ್ತರ ಬೀಳತೊಡಗಿದವು, ಒಂದೂ ತಪ್ಪದೆ.

ಅಜ್ಜಿ ಬಾಗಿಲ ಬಳಿ ಮೊರ ಇಟ್ಟುಕೊಂಡು ಹುರುಳಿಕಾಳು ಆರಿಸುತ್ತಿದ್ದರು. ಪರದೆಯ ಮೇಲೆ ಅಕ್ಷರಗಳು ಓಡುವುದನ್ನು ನೋಡಿ ಏನದು ಎಂದು ಕೇಳಿದರು. ಇಲ್ಲಿಂದ ಕೂಗಿದರೆ ಅಲ್ಲಿಂದ ಓಗೊಡುತ್ತೆ ಅಜ್ಜಿ ಎಂದೆ.

"ಪಿಲಿಸ್ತೇ ಪಲಿಕೇದೆವರೇ?" ಎಂದರು ಅಜ್ಜಿ. ಅವರು ಯೋಚನೆಗೆ ಬಿದ್ದಾಗ ಬರುತ್ತಿದ್ದದ್ದು ತೆಲುಗೇ. ಕೂಗಿದರೆ ಓಗೊಡುತ್ತಿರುವವರು ಯಾರು ಎಂದು ಅವರ ಪ್ರಶ್ನೆ.

"ಇನ್ನೊಂದು ಕಂಪ್ಯೂಟರ್ ಅಜ್ಜಿ. ಎಲ್ಲೋ ದೂರದಲ್ಲಿರುತ್ತೆ."

"ಒಂದೇ ಕೂಗಿಗೆ ಓಗೊಡ್ತಿದೆಯಲ್ಲೇ. ಮನುಷ್ಯರು ಯಾರಾದ್ರೂ ಒಂದೇ ಕೂಗಿಗೆ ಓಗೊಡ್ತಾರಾ? ನಿಮ್ಮ ತಾತ ಮೂರು ಕೂಗಿಗೂ ಬರ್ತಿರ್ಲಿಲ್ಲ."

ಸುಮ ನಕ್ಕಳು. ನಾನೂ ನಕ್ಕೆ. ಕತ್ತಲಾದ ಮೇಲೆ ಯಾರಾದರೂ ಹೊರಗಿನಿಂದ ಕೂಗಿದರೆ ಮೂರನೆಯ ಸಲದವರೆಗೂ ಓಗೊಡಬಾರದು, ಮನುಷ್ಯರಲ್ಲದ್ದು ಒಂದೇ ಸಲ ಕೂಗುತ್ತದೆ ಎಂದು ಅಜ್ಜಿ ನಮಗೆ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದರು. ಈಗ ಅದನ್ನು ತಿರುಗಿಸಿ ಹೇಳುತ್ತಿದ್ದರು.

ನಗು ಮುಗಿದ ಮೇಲೆ ನಾನು ಪಕ್ಕದ ಅಂಕಿಯನ್ನು ನೋಡಿದೆ. ನಮ್ಮ ಲೈನಿನಲ್ಲಿ ಎಂಥ ಒಳ್ಳೆಯ ದಿನವಾದರೂ ಉತ್ತರ ಬರಲು ಒಂದಷ್ಟು ಹೊತ್ತು ಹಿಡಿಯುತ್ತಿತ್ತು, ನಡುನಡುವೆ ಒಂದೆರಡು ಕಳೆದೂ ಹೋಗುತ್ತಿದ್ದವು. ಆ ದಿನ ಪ್ರತಿಯೊಂದು ಉತ್ತರವೂ ಕಂಪ್ಯೂಟರು ಅಳೆಯಬಲ್ಲ ಅತಿ ಸಣ್ಣ ಕಾಲಕ್ಕಿಂತಲೂ ಬೇಗ ಬರುತ್ತಿತ್ತು. ಅಷ್ಟು ಬೇಗ ಓಗೊಡಬೇಕಾದರೆ ಓಗೊಡುವವರು ಇದೇ ಮನೆಯಲ್ಲಿರಬೇಕು.

ಮೋಡೆಮ್ ಇದ್ದದ್ದು ನಡುಮನೆಯಲ್ಲಿ, ಫೋನಿನ ಪಕ್ಕ. ಅಲ್ಲಿಂದ ಉದ್ದದ ವೈರೊಂದು ಕೋಣೆಯ ಕಂಪ್ಯೂಟರಿಗೆ ಬರುತ್ತಿತ್ತು. ಸುಮಳನ್ನು ಅಲ್ಲಿಗೆ ಕಳಿಸಿದೆ. "ಇದ್ರಲ್ಲಿ ಒಂದು ದೀಪ ಮಾತ್ರ ಉರೀತಿಲ್ಲ ಅಕ್ಕ" ಎಂದು ಕೂಗಿದಳು. ಗೋಡೆಯಿಂದ ಮೋಡೆಮಿಗೆ ಬರುವ ಫೋನ್ ವೈರನ್ನು ಕಿತ್ತು, ನಾನು ಹೇಳಿದಾಗ ಮತ್ತೆ ಹಾಕು ಎಂದೆ. ಕಿತ್ತ ಕೂಡಲೇ ಉತ್ತರಗಳು ನಿಲ್ಲಬೇಕು. ಅವು ನಿಲ್ಲುವುದನ್ನೇ ಕಾಯುತ್ತಾ ಕೂತೆ. ಸಾಲುಗಳು ಬೀಳುತ್ತಲೇ ಇದ್ದವು.

"ಸುಮ, ವೈರ್ ಹಾಕ್ಬಿಟ್ಯಾ?"

"ಇಲ್ಲಕ್ಕ, ಕೈಯಲ್ಲೇ ಇದೆ."

ಎದ್ದು ಹೋಗಿ ನೋಡಿದೆ. ವೈರು ಅವಳ ಕೈಯಲ್ಲೇ ಇತ್ತು. ಗೋಡೆಗೂ ಮೋಡೆಮಿಗೂ ನಡುವೆ ಏನೂ ಇರಲಿಲ್ಲ. ಕೋಣೆಗೆ ಹಿಂದಿರುಗಿದಾಗ ಅಜ್ಜಿ ಕಾಳು ಆರಿಸುವುದನ್ನು ಬಿಟ್ಟು ಪರದೆಯನ್ನು ನೋಡುತ್ತಿದ್ದರು. ಉತ್ತರಗಳು ಅದೇ ವೇಗದಲ್ಲಿ ಬರುತ್ತಿದ್ದವು. ಹೊರಗೆ ಬಿಸಿಲಿತ್ತು, ಪಕ್ಕದ ಮನೆಯಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದ ಸದ್ದು ಕೇಳುತ್ತಿತ್ತು.

ಸುಮ ವೈರು ಸಿಕ್ಕಿಸಿ ಬಂದಳು. ನಾನು ಕಪ್ಪು ಕಿಟಕಿಯನ್ನು ಮುಚ್ಚಿಬಿಟ್ಟೆ. "ಪೇಜ್ ಬರ್ತಿದೆ ತಾನೆ, ಇನ್ನೇನಕ್ಕ? ಟೈಮ್ ಆಗ್ತಿದೆ" ಎಂದಳು. ಅವಳ ದನಿ ಅಳುವಿಗೆ ಹತ್ತಿರವಿತ್ತು. ಬೇಡ ಎನ್ನಲು ನನ್ನ ಬಳಿ ಯಾವ ಕಾರಣವಿತ್ತು? ಬೇಡವೆಂದರೆ ಅವಳು ಗೌರಿಬಿದನೂರಿಗೆ ಹೋಗಬೇಕಿತ್ತು. ಕುರ್ಚಿ ಬಿಟ್ಟುಕೊಟ್ಟೆ. ಅವಳು ಒಂದೊಂದೇ ಕಾಲೇಜನ್ನು ಆರಿಸಿ ಕಡೆಯ ಗುಂಡಿ ಒತ್ತಿದಳು. ನಿಮ್ಮ ಆಯ್ಕೆಗಳು ತಲುಪಿವೆ ಎನ್ನುವ ಪುಟ ಬಂತು. ಒತ್ತುವ ಬೆರಳಿಗೂ ಬರುವ ಪುಟಕ್ಕೂ ನಡುವೆ ಹೊತ್ತೇ ಇರಲಿಲ್ಲ. ಕೆಳಗಿನ ಮೂಲೆಯಲ್ಲಿ ಸಂಪರ್ಕ ಇಲ್ಲ ಎಂದೇ ಇತ್ತು.

ಸೋಮವಾರ ಸುಮ ಅಪ್ಪನ ಜೊತೆ ಚಿಕ್ಕಬಳ್ಳಾಪುರಕ್ಕೆ ಹೋಗಿದ್ದಾಗ ಲೈನ್‌ಮನ್ ಬಂದರು. ಫೋನು ಸತ್ತಿದೆ ಎಂದು ಅಮ್ಮ ಹೇಳಿಕಳಿಸಿದ್ದರಂತೆ. ಅವರು ಜಗಲಿಯ ಮೇಲೆ ಕೂತು ನೀರು ಕುಡಿದು, ನೀರಿನ ಪೈಪಿಗೆಂದು ಅಗೆಯುವಾಗ ಜೆಸಿಬಿಗೆ ಸಿಕ್ಕಿ ಕೇಬಲ್ಲು ಶನಿವಾರ ಸಂಜೆಯೇ ತುಂಡಾಗಿದೆ, ಊರಿಗೆಲ್ಲ ಲೈನ್ ಹೋಗಿದೆ ಎಂದರು.

"ನಿನ್ನೆ ನಮ್ಮನೇಲಿ ನೆಟ್ ಬಂತಲ್ಲ" ಎಂದೆ.

"ನಿಮ್ಮನೇಗೆ ಮಾತ್ರ ಎಲ್ಲಿಂದ ಬರುತ್ತಮ್ಮ, ಆಕಾಶದಿಂದಾ? ಎರಡು ತುದಿನೂ ನಾನೇ ಕೈಯಲ್ಲಿ ಹಿಡ್ಕೊಂಡು ನೋಡಿ ಬಂದಿದೀನಿ."

ಅವರು ಹೋದ ಮೇಲೆ ಅಜ್ಜಿ, "ಅವಳಿಗೆ ಹೇಳ್ಬೇಡ ಕಣಮ್ಮ. ಓದೋ ಮಗು" ಎಂದರು. ಸ್ವಲ್ಪ ಬಿಟ್ಟು, "ಕೊಟ್ರು, ಇಸ್ಕೊಂಡ್ವಿ. ಇನ್ನೊಂದು ಸಲ ಕೇಳ್ಬೇಡ" ಎಂದರು. ಯಾರು ಕೊಟ್ಟದ್ದು ಎಂದು ನಾನು ಕೇಳಲಿಲ್ಲ.

ಕೇಬಲ್ಲು ಕೂಡಿಸಿದ ದಿನ ಕೆಂಪು ಗುರುತು ತಾನಾಗಿಯೇ ಹೋಯಿತು. ಪಿಂಗ್ ಮಾಡಿದರೆ ಉತ್ತರಗಳು ಎಂದಿನಂತೆ ನಿಧಾನವಾಗಿ, ನಡುನಡುವೆ ತಪ್ಪುತ್ತಾ ಬಂದವು. ಅದನ್ನು ಕಂಡು ಎಷ್ಟು ನೆಮ್ಮದಿಯಾಯಿತೆಂದು ಹೇಳಲಾರೆ. ಆದರೆ ಸೀಟಿನ ಆಸೆಯನ್ನು ಲೈನ್‌ಮನ್ ಬಂದ ದಿನವೇ ಬಿಟ್ಟಿದ್ದೆ. ಹೋಗದ ಅರ್ಜಿಗೆ ಸೀಟು ಹೇಗೆ ಬರುತ್ತದೆ? ಫಲಿತಾಂಶದ ದಿನ ಸುಮಳಿಗೆ ಏನೆಂದು ಸಮಾಧಾನ ಹೇಳುವುದೆಂದು ಮಾತುಗಳನ್ನು ಜೋಡಿಸಿಟ್ಟುಕೊಂಡಿದ್ದೆ. ಅವು ಬೇಕಾಗಲಿಲ್ಲ. ಅವಳು ಮೊದಲನೆಯದಾಗಿ ಹಾಕಿದ್ದ ಕಾಲೇಜೇ ಸಿಕ್ಕಿತು. ಸೇರಿಸಲು ಹೋದ ದಿನ, ಇಂಥ ಹೆಸರೇ ಇಲ್ಲವಲ್ಲ ಎಂದು ಯಾರಾದರೂ ಹೇಳುತ್ತಾರೆಂದು ಕಡೆಯ ಗಳಿಗೆಯವರೆಗೂ ಕಾದೆ. ಯಾರೂ ಹೇಳಲಿಲ್ಲ.

ಮುಂದೆ ಕೆಲಸಕ್ಕೆ ಸೇರಿದಾಗ, ಈ ವಿಷಯ ಬಲ್ಲ ಸಹೋದ್ಯೋಗಿಯೊಬ್ಬರಿಗೆ, ಬೇರೆ ಯಾರದೋ ಮನೆಯಲ್ಲಿ ಆದದ್ದೆಂಬಂತೆ ಇದನ್ನು ಹೇಳಿದೆ. ಅಷ್ಟು ಬೇಗ ಉತ್ತರ ಬಂದಿದೆ ಎಂದರೆ ಕಂಪ್ಯೂಟರು ತನ್ನ ಕೂಗಿಗೆ ತಾನೇ ಓಗೊಟ್ಟಿದೆ, ಪುಟಗಳು ಹಿಂದೆ ನೋಡಿದಾಗ ಕಂಪ್ಯೂಟರಿನಲ್ಲೇ ಉಳಿದಿದ್ದವಿರಬೇಕು ಎಂದರು. ಒಪ್ಪಬಹುದಾದ ಮಾತು. ಹಾಗಾದರೆ ಆಯ್ಕೆಗಳನ್ನು ತಲುಪಿಸಿದವರು ಯಾರು ಎಂದೆ. ಅವರು ನಕ್ಕು ಟೀ ಕುಡಿಯಲು ಎದ್ದರು.

ಅಜ್ಜಿ ಈಗಿಲ್ಲ. ಸುಮ ಮನೆಗಳ ನಕ್ಷೆ ಮಾಡುತ್ತಾಳೆ, ಅವಳ ಕೆಲಸಕ್ಕೆ ಒಳ್ಳೆಯ ಹೆಸರಿದೆ. ನೆಂಟರು ಸೇರಿದಾಗಲೆಲ್ಲ ಆ ಭಾನುವಾರದ ಕಥೆ ಹೇಳುತ್ತಾಳೆ. "ಅವತ್ತು ನಮ್ಮಕ್ಕ ಕಂಪ್ಯೂಟರ್ ಸರಿ ಮಾಡ್ದೆ ಹೋಗಿದ್ರೆ ನಾನಿವತ್ತು ಗೌರಿಬಿದನೂರಲ್ಲಿ ಮುದ್ದೆ ತಿರುವ್ಕೊಂಡಿರ್ತಿದ್ದೆ" ಎನ್ನುತ್ತಾಳೆ. ಎಲ್ಲರೂ ನಗುತ್ತಾರೆ. ಏನಾಗಿತ್ತಮ್ಮ ಅದಕ್ಕೆ ಎಂದು ಯಾರಾದರೂ ನನ್ನ ಕಡೆ ತಿರುಗುತ್ತಾರೆ. ಏನೋ ಒಂದು ಸೆಟ್ಟಿಂಗು ಎಂದು ಹೇಳಿ ಸುಮ್ಮನಾಗುತ್ತೇನೆ.