ಮಾವನ ಮುಂದೆ ಸೆರಗು

ನಮ್ಮ ಗಾಜಿಪುರದ ಓಣಿಯ ದೇವಾನಂದ ಪಿಂಚಣಿ ಕಚೇರಿಯಲ್ಲಿ ಹನ್ನೊಂದು ವರ್ಷಗಳಿಂದ ಗುತ್ತಿಗೆ ನೌಕರರು. ಪಿಂಚಣಿದಾರರು ಬದುಕಿದ್ದಾರೆಯೇ ಎಂದು ವರ್ಷಕ್ಕೊಮ್ಮೆ ಮನೆಗೆ ಹೋಗಿ ನೋಡುವುದು ಅವರ ಕೆಲಸ. ಮುದುಕರು ಫೋನಿಗೆ ಮುಖ ತೋರಿಸಿ ರೆಪ್ಪೆ ಬಡಿಯಬೇಕು. ಆಮೇಲೆ ದೇವಾನಂದ ‘ಕಣ್ಣಾರೆ ನೋಡಿದ್ದೇನೆ’ ಎಂಬಲ್ಲಿ ಒತ್ತಬೇಕು. ನೋಡದೆ ಅವರು ಎಂದೂ ಒತ್ತಿದವರಲ್ಲ.

ಕಳೆದ ವರ್ಷ ಅವರಿಗೆ ಸ್ವಂತ ಊರು ಕಮಲಾಪುರದ ಪಟ್ಟಿ ಬಂತು. ಗುರುತಿನವರೇ ಎಂದು ಕಚೇರಿಯವರು ಬೇಕೆಂದೇ ಕೊಟ್ಟಿದ್ದರು. ಕೊನೆಯ ದಿನ ಉಳಿದದ್ದು ಒಂದೇ ಹೆಸರು, ಯಮನಮ್ಮ. ಸಂಜೆ ಆರರೊಳಗೆ ಆಗದಿದ್ದರೆ ಅವರ ಪಿಂಚಣಿ ನಿಲ್ಲುತ್ತಿತ್ತು. ಅವರ ಜೋಳ, ಬಿಪಿ ಗುಳಿಗೆ ಎಲ್ಲ ಅದರಲ್ಲೇ.

ಯಮನಮ್ಮ ಮನೆಯಲ್ಲೇ ಇದ್ದರು. ದೇವಾನಂದರನ್ನು ಕಂಡೊಡನೆ ಸೆರಗನ್ನು ಗದ್ದದವರೆಗೆ ಎಳೆದುಕೊಂಡು ಬಾಗಿಲ ಹಿಂದೆ ನಿಂತರು. ಎಪ್ಪತ್ತೆರಡರ ಅವರಿಗೆ ನಲವತ್ತರ ದೇವಾನಂದ ವರಸೆಯಲ್ಲಿ ಚಿಕ್ಕಮಾವ, ಗಂಡನ ಚಿಕ್ಕಪ್ಪ.

“ಸೆರಗು ಸರಸ್ರಿ, ಒಂದ್ ನಿಮಿಷ.”

“ಮಾವನ ಮುಂದ ಮಾರಿ ತೋರಸ್ಲೇನ್ರಿ? ಲಗ್ನ ಆಗಿ ಬಂದಾಗಿಂದ ಯಾವ ಮಾವಗೂ ತೋರ್ಸಿಲ್ಲ.”

“ನಿಮ್ಮ ಲಗ್ನದಾಗ ನಾ ಹುಟ್ಟೇ ಇರಲಿಲ್ರಿ!”

“ಹುಟ್ಟಿದ ಮ್ಯಾಲ ಮಾವನೇ ಅಲ್ಲೇನ್ರಿ?”

ಪಕ್ಕದ ಮನೆಯ ರಾಧಿಕಾ ನಕ್ಕಳು. “ರೊಕ್ಕ ನಿಂತ್ರ ಸೆರಗು ತಿಂತಿ ಏನಬೇ ಮುದುಕಿ? ಅಣ್ಣಾರ, ಫೋನ್ ನನಗ ಕೊಡ್ರಿ. ನಾ ಒಳಗ ಹೋಗಿ ತೆಗಿತೀನಿ, ನೀವು ಒತ್ತಿಬಿಡ್ರಿ.”

“ನೋಡಲಾರ್ದ ನೋಡೀನಿ ಅಂತ ಹೆಂಗ ಒತ್ತಲಿ?”

ಹಿಂದೊಮ್ಮೆ ಅವರ ಜೊತೆಗಾರನೊಬ್ಬ ಮನೆಯವರ ಮಾತು ನಂಬಿ ಒತ್ತಿದ್ದ. ತೀರಿಕೊಂಡವರ ಹೆಸರಿಗೆ ಎರಡು ವರ್ಷ ಹಣ ಹೋಗಿತ್ತು. ಇಲ್ಲಿ ಯಮನಮ್ಮನ ದನಿ ಸ್ಪಷ್ಟವಾಗಿ ಕೇಳುತ್ತಿತ್ತು. ಆದರೂ ದೇವಾನಂದರಿಗೆ ನೋಡದೆ ಒತ್ತಲು ಮನಸ್ಸು ಬರಲಿಲ್ಲ. ಸೆರಗು ಎಳೆದು ನೋಡಲೂ ಮನಸ್ಸು ಬರಲಿಲ್ಲ.

ಆಗ ಮೂರು ಗಂಟೆ. ಕಚೇರಿಯಲ್ಲಿ ಅವರದೇ ಕೆಲಸ ಮಾಡುವ ತ್ರಿವೇಣಿಗೆ ಫೋನ್ ಮಾಡಿದರು. ಆಕೆ ನಗರದ ಜೇವರ್ಗಿ ಕಾಲೋನಿಯ ಮನೆಯಲ್ಲಿದ್ದಳು.

“ತಂಗಿ, ಕಮಲಾಪುರದ ಬಸ್ ಹಿಡಿ.”

“ಈಗ್ ಉಣ್ಣಾಕ ಕುಂತೀನ್ರೀ ಅಣ್ಣಾ!”

“ಬುತ್ತಿ ಕಟ್ಕೊಂಡು ಬಾ.”

ಐದೂ ಇಪ್ಪತ್ತಕ್ಕೆ ತ್ರಿವೇಣಿ ಇಳಿದಳು. ದೇವಾನಂದ ರಸ್ತೆಯ ಆಚೆಗೆ ಹೋಗಿ ನಿಂತರು. ಒಳಗೆ ಮೂವರು ಹೆಂಗಸರು ನಗುವುದು ಕೇಳಿಸಿತು. ತ್ರಿವೇಣಿ ಕಣ್ಣಾರೆ ನೋಡಿ, ತಾನೇ ಒತ್ತಿದಳು. ಐದೂ ನಲವತ್ತು.

ಹಿಂದಿರುಗುವ ಬಸ್ಸಿನಲ್ಲಿ ಆಕೆ ಬುತ್ತಿ ಬಿಚ್ಚಿ ಹೇಳಿದಳು, “ಮುಂದಿನ ವರ್ಷ ನನಗ ಅತ್ತಿಮನಿ ಊರು ಕೊಡ್ತಾರಂತ್ರೀ. ಅಲ್ಲಿ ಮಾವಂದಿರ ಮುಂದ ನಾನೇ ಸೆರಗು ಹೊತ್ಕೋಬೇಕು. ಅವರ ಮಾರಿ ಹೆಂಗ ನೋಡ್ಲಿ?”

ಈ ವರ್ಷ ಅವರಿಗೆ ಮತ್ತೆ ಕಮಲಾಪುರ, ಆಕೆಗೆ ಅತ್ತೆಮನೆಯ ಊರು ಎಂದು ಪಟ್ಟಿ ಬಂದ ದಿನವೇ ಇಬ್ಬರೂ ಸಾಹೇಬರ ಬಳಿ ಹೋಗಿ ಊರು ಅದಲುಬದಲು ಮಾಡಿಕೊಡಿ ಎಂದು ಕೇಳಿದರು. ಹಾಗೆ ಮಾಡಲು ನಿಯಮವಿಲ್ಲ ಎಂದರು ಸಾಹೇಬರು. ಆಮೇಲೆ ಪಟ್ಟಿಯಲ್ಲಿ ಇಬ್ಬರ ಹೆಸರನ್ನೂ ಅದಲುಬದಲು ಬರೆದು, ಸಹಿ ಹಾಕಿದರು.