ಲಂಗರು ಹಾಕಿದಲ್ಲಿಂದ ಕಂಡ ಮುಂಬಯಿ

ಮಾರಿಷಸ್ ಬಿಟ್ಟ ಮೇಲೆ ಬಹಳ ದಿನ ಬರೀ ನೀರನ್ನೇ ನೋಡಿದ್ದೆವು. ಜನವರಿಯ ಒಂದು ಮುಂಜಾನೆ ನಮ್ಮ ಹಡಗು ಮುಂಬಯಿಯ ಎದುರು ಲಂಗರು ಹಾಕಿತು. ನಾನು ಹುಟ್ಟಿ ಬೆಳೆದ ಊರು ಕಣ್ಣೆದುರಿಗೇ ಇತ್ತು, ಆದರೆ ಕಾಣಲಿಲ್ಲ. ಚಳಿಗಾಲದ ಮಬ್ಬು ನೀರಿನ ಮೇಲೆ ದಟ್ಟವಾಗಿ ಕೂತಿತ್ತು. ಡೆಕ್ಕಿನ ಮೇಲೆ ನಿಂತು ಮೂಗಿನಿಂದಲೇ ಊರನ್ನು ಗುರುತು ಹಿಡಿದೆ: ಡೀಸೆಲ್, ಒಣಮೀನು, ಕೆಸರು. ತಿಂಗಳುಗಟ್ಟಲೆ ಸುಮ್ಮನಿದ್ದ ಹಳೆಯ ಸಿಮ್ ಕಾರ್ಡಿಗೆ ಜೀವ ಬಂದು ಫೋನು ಒಂದೇ ಸಮನೆ ಸದ್ದು ಮಾಡತೊಡಗಿತು.

ನಾನು ಲಿಸ್ಬನ್ನಿನಲ್ಲಿ ಸಮುದ್ರವಿಜ್ಞಾನ ಓದುತ್ತಿದ್ದೇನೆ. ಆ ವರ್ಷದ ಒಂದು ಸೆಮಿಸ್ಟರ್ ಪೂರ್ತಿ ಹಡಗಿನ ಮೇಲೆಯೇ. ಊಟದ ಹಾಲ್‌ನಲ್ಲೇ ಪಾಠ; ಮೇಜು ಕುರ್ಚಿಗಳನ್ನು ನೆಲಕ್ಕೆ ಬಿಗಿದಿದ್ದರು. ಅಲೆ ಜೋರಾದ ದಿನ ನನ್ನ ಪೆನ್ನು ಉರುಳಿಕೊಂಡು ಪಕ್ಕದವಳ ಕೈ ಸೇರುತ್ತಿತ್ತು, ಅವಳ ಕಾಫಿ ನನ್ನ ಪುಸ್ತಕದ ಮೇಲೆ ಬರುತ್ತಿತ್ತು. ಬೆಳಿಗ್ಗೆ ಸಣ್ಣ ಬಲೆ ಇಳಿಸಿ ನೀರಿನ ಮಾದರಿ ತೆಗೆಯುವುದು, ಮಧ್ಯಾಹ್ನ ಸೂಕ್ಷ್ಮದರ್ಶಕದ ಮುಂದೆ ಕೂರುವುದು, ಸಂಜೆ ಸರದಿಯ ಮೇಲೆ ಪಾತ್ರೆ ತೊಳೆಯುವುದು. ಒಗೆದ ಬಟ್ಟೆ ಎಷ್ಟು ಒಣಗಿದರೂ ಉಪ್ಪಿನ ಅಂಟು ಬಿಡುತ್ತಿರಲಿಲ್ಲ. ನಾನೂ ಇನೆಸ್ ಎಂಬ ಪೋರ್ಚುಗೀಸ್ ಹುಡುಗಿಯೂ ಒಂದೇ ಕೋಣೆಯಲ್ಲಿದ್ದೆವು. ಮೇಲಿನ ಮಂಚ ಅವಳದು, ಕೆಳಗಿನದು ನನ್ನದು. ಇಬ್ಬರಿಗೂ ಸೇರಿ ಒಂದು ದುಂಡು ಕಿಟಕಿ.

ಮುಂಬಯಿಯಲ್ಲಿ ಹಡಗು ದಡದ ದಕ್ಕೆಗೆ ಬಂದು ನಿಂತಾಗ ಇನೆಸಳನ್ನು ವಿಕ್ರೋಳಿಯ ನಮ್ಮ ಮನೆಗೆ ಕರೆದೊಯ್ಯಬೇಕೆಂದು ಮಾತಾಗಿತ್ತು. ನಮ್ಮವರು ಧಾರವಾಡದ ಕಡೆಯವರು. ಅಪ್ಪ ವಿಕ್ರೋಳಿಯ ಕಾರ್ಖಾನೆಯೊಂದರಲ್ಲಿ ನೌಕರಿ ಮಾಡುತ್ತಾರೆ. ಅವ್ವನಿಗೆ ನನ್ನ ಈ ಹಡಗಿನ ಓದು ಮೊದಲಿನಿಂದಲೂ ಹಿಡಿಸಿರಲಿಲ್ಲ. "ನೆಲದ ಮ್ಯಾಲ ಕಾಲೇಜ ಇಲ್ಲೇನ?" ಎಂದು ಕೇಳಿದ್ದಳು. ನಾನು ಲಿಸ್ಬನ್ನಿಗೆ ಹೊರಟ ದಿನ ವಿಮಾನ ನಿಲ್ದಾಣಕ್ಕೂ ಬರಲಿಲ್ಲ. ಆಮೇಲೆ ಯಾವ ಬಂದರಿನಿಂದ ಫೋನ್ ಮಾಡಿದರೂ "ಊಟ ಆತೇನ?" ಎಂದು ಕೇಳಿ, ಉತ್ತರ ಮುಗಿಯುವ ಮೊದಲೇ ಫೋನು ಅಪ್ಪನ ಕೈಗೆ ಕೊಡುತ್ತಿದ್ದಳು. ಈ ಸಲ ಎದುರಿಗೇ ಹೋಗಿ ಕೂತರೆ ಸಿಟ್ಟು ಇಳಿದೀತು ಎಂಬ ಆಸೆ ನನಗಿತ್ತು.

ಆದರೆ ದಾರಿಯಲ್ಲಿ ನಮ್ಮೊಡನಿದ್ದ ಇಬ್ಬರು ಹುಡುಗರಿಗೆ ಸೀತಾಳೆ ಸಿಡುಬು, ಅಂದರೆ ಚಿಕನ್‌ಪಾಕ್ಸ್, ಎದ್ದಿತ್ತು. ಬಂದರಿನ ವೈದ್ಯರು ದೋಣಿಯಲ್ಲಿ ಬಂದು ಎಲ್ಲರನ್ನೂ ನೋಡಿ, ಯಾರೂ ಇಳಿಯುವಂತಿಲ್ಲ ಎಂದು ಸಮಾಧಾನವಾಗಿಯೇ ಹೇಳಿ ಹೋದರು. ಎಣ್ಣೆ, ನೀರು, ತರಕಾರಿ ಹಡಗಿಗೇ ಬರುವುದೆಂದೂ ಮರುದಿನ ಸಂಜೆ ಹೊರಡುವುದೆಂದೂ ತಿಳಿಯಿತು. ಇನೆಸ್ ತಾನು ಕಟ್ಟಿಟ್ಟುಕೊಂಡಿದ್ದ ಚೀಲವನ್ನು ಸದ್ದಿಲ್ಲದೆ ಬಿಚ್ಚಿದಳು.

ಅಪ್ಪನಿಗೆ ಫೋನ್ ಮಾಡಿದೆ.

"ಎಷ್ಟ ದೂರ ಅದೀರಿ ನೀವು?" ಎಂದರು.

"ಗೇಟ್‌ವೇದಿಂದ ನಾಕೈದು ಕಿಲೋಮೀಟರ್ ಅಪ್ಪಾ."

"ಆಚಿ ದಂಡಿ ಮಾಂಡ್ವಾಕ್ಕ ಹೋಗೂ ಫೆರಿ ಆ ಕಡಿಂದನ ಹೋಗ್ತಾವಲ್ಲ," ಎಂದರು.

ಮರುದಿನ ಬೆಳಿಗ್ಗೆ ಮಬ್ಬು ತೆಳುವಾಗಿ, ಕೊಲಾಬಾದ ಎತ್ತರದ ಬಿಲ್ಡಿಂಗುಗಳು ಪೆನ್ಸಿಲ್ಲಿನಲ್ಲಿ ಬರೆದ ಹಾಗೆ ಕಂಡವು. ಅಪ್ಪ ರಜೆ ಹಾಕಿ, ಲೋಕಲ್ ರೈಲು ಹಿಡಿದು, ಟ್ಯಾಕ್ಸಿ ಮಾಡಿ ಗೇಟ್‌ವೇ ತಲುಪಿ, ಫೆರಿ ಹತ್ತಿದ ಮೇಲೆ ಫೋನ್ ಮಾಡಿದರು. ನಾವಿಬ್ಬರೂ ಡೆಕ್ಕಿಗೆ ಓಡಿದೆವು. ಹಕ್ಕಿ ನೋಡಲೆಂದು ಇಟ್ಟಿದ್ದ ದುರ್ಬೀನು ಇನೆಸಳ ಕೈಯಲ್ಲಿತ್ತು. ಫೆರಿಯ ಹಿಂದೆ ಕಡಲಹಕ್ಕಿಗಳ ದೊಡ್ಡ ಹಿಂಡೇ ಇತ್ತು. ಜನ ಅವಕ್ಕೆ ತಿಂಡಿ ಎಸೆಯುತ್ತಿದ್ದರು.

"ಬಿಳಿ ಅಂಗಿಯವರೊಬ್ಬರು ಆ ಎಣ್ಣೆ ಹಡಗಿಗೆ ಕೈ ಬೀಸ್ತಿದ್ದಾರೆ. ಅವರೇನಾ ನಿನ್ನ ಅಪ್ಪ?" ಎಂದಳು ಇನೆಸ್.

ಅವರೇ. "ಅಪ್ಪಾ, ಅದಲ್ಲ, ರಾಂಗ್ ಹಡಗು. ಈ ಕಡೆ, ಬಿಳೀದು, ನೀಲಿ ಚಿಮಣೀದು," ಎಂದೆ. ಅವರು ಈ ಕಡೆ ತಿರುಗಿ ಎರಡೂ ಕೈ ಎತ್ತಿದರು. ಫೋನು ಕೈಯಲ್ಲೇ ಇದ್ದದ್ದು ಮರೆತಿದ್ದರು. ಕಿವಿಗೆ ಬರೀ ಗಾಳಿಯ ಸದ್ದು ಬಂತು.

ಮತ್ತೆ ಮಾತಿಗೆ ಸಿಕ್ಕಾಗ ಹೇಳಿದರು: "ನಿಮ್ಮವ್ವನೂ ಬಂದಾಳ. ಕೆಳಗ ಕುಂತಾಳ. ನೀರ ನೋಡಾಂಗಿಲ್ಲಂತ."

ಅವ್ವ ಬಂದಾಳೆಂದು ನಾನು ಎಣಿಸಿರಲಿಲ್ಲ. ಇಷ್ಟು ವರ್ಷ ಮುಂಬಯಿಯಲ್ಲಿದ್ದರೂ ಅವಳು ಒಮ್ಮೆಯೂ ದೋಣಿ ಹತ್ತಿದವಳಲ್ಲ. ಚೌಪಾಟಿಗೆ ಹೋದರೂ ಒದ್ದೆ ಮರಳಿನ ಆಚೆಗೇ ನಿಂತು ನಮ್ಮ ಚಪ್ಪಲಿ ಕಾಯುತ್ತಿದ್ದಳು.

ಫೆರಿ ನಮ್ಮ ನೇರಕ್ಕೆ ಬರುತ್ತಿದ್ದಂತೆ ದುರ್ಬೀನು ನಾನೇ ತೆಗೆದುಕೊಂಡೆ. ಮೆಟ್ಟಿಲ ಬಾಯಿಯಲ್ಲಿ ಅವ್ವನ ತಲೆ ಕಂಡಿತು. ಮೇಲೆ ಬಂದು ಎರಡೂ ಕೈಯಲ್ಲಿ ಕಂಬ ಹಿಡಿದು ನಿಂತಳು. ಗಾಳಿಗೆ ಸೆರಗು ಹಾರುತ್ತಿದ್ದರೂ ಕೈ ಬಿಡಲಿಲ್ಲ. ಅಪ್ಪ ಫೋನನ್ನು ಅವಳ ಕಿವಿಗೆ ಹಿಡಿದರು.

"ಯಾವ್ದು ನಿನ್ನ ಖೋಲಿ?" ಎಂದಳು.

ನಾನು ಕಂಬಿಯಾಚೆ ಬಗ್ಗಿ ಕೆಳಗೆ ಕೈ ತೋರಿಸಿದೆ. "ಕೆಳಗಿನ ಸಾಲಿನ್ಯಾಗ ದುಂಡನ್ನ ಕಿಟಕಿ ಅದಾವಲ್ಲ ಅವ್ವಾ, ಹಿಂದಿನಿಂದ ನಾಕನೇದು."

ಅವಳು ಎಣಿಸುತ್ತಿದ್ದದ್ದು ಫೋನಿನಲ್ಲಿ ಪಿಸುದನಿಯಲ್ಲಿ ಕೇಳಿಸಿತು.

"ಗಾಳಿ ಬರ್ತೈತಿ?"

"ಅದು ತೆಗಿಯಾಕ ಬರಾಂಗಿಲ್ಲ. ಮ್ಯಾಲ ಬಂದ್ರ ಬೇಕಾದಷ್ಟು ಗಾಳಿ."

"ಬಾಳ ಸಣ್ಣದೈತಿ," ಎಂದಳು. ಆಮೇಲೆ, "ಬಾಜೂಕ ನಿಂತಾಕಿ ನಿನ್ನ ಗೆಳತಿ ಏನ? ಆಕಿಗೆ ರೊಟ್ಟಿ ಮಾಡಾಕಂತ ಹಿಟ್ಟು ಬೀಸಿಸಿಟ್ಟಿದ್ದೆ."

ಇನೆಸಳಿಗೆ ಅದನ್ನು ಹೇಳಿದೆ. ಅವಳು ಕೈ ಜೋಡಿಸಿ ತಲೆ ಬಾಗಿದಳು. ಆಗ ಅವ್ವ ಕಂಬದಿಂದ ಒಂದು ಕೈ ಬಿಡಿಸಿ ಎದೆಯ ಮಟ್ಟಕ್ಕೆ ಎತ್ತಿದಳು, ಬೀಸಲಿಲ್ಲ. ಫೆರಿ ಮುಂದೆ ಸಾಗಿತು. ಕಡಲಹಕ್ಕಿಗಳು ಅಡ್ಡ ಬಂದು ಅವರಿಬ್ಬರೂ ಮರೆಯಾದರು.

ಅವರು ಮಾಂಡ್ವಾದಿಂದ ತಿರುಗಿ ಹೋಗುವಾಗ ನಮಗೆ ತರಗತಿ ನಡೆದಿತ್ತು. ಆ ದಿನದ ಮಾದರಿ ಮುಂಬಯಿ ಬಂದರಿನದೇ ನೀರು. ಅಷ್ಟು ಕೊಳೆಯಲ್ಲೂ ಜೀವ ಗಿಜಿಗುಡುತ್ತಿದೆ ಎಂದು ಪಾಠ ಮಾಡುವವರು ಸಂತೋಷಪಟ್ಟರು. ಮಸೂರ ಎಷ್ಟು ತಿರುಗಿಸಿದರೂ ನನಗೇನೂ ಸ್ಪಷ್ಟವಾಗಿ ಕಾಣಲಿಲ್ಲ. ಕಣ್ಣು ಒರೆಸಿಕೊಂಡು ಮತ್ತೆ ನೋಡಿದೆ.

ಸಂಜೆ ಲಂಗರಿನ ಸರಪಳಿ ಮೇಲೆ ಬಂತು. ಹಡಗು ದಕ್ಷಿಣಕ್ಕೆ ತಿರುಗುವಾಗ ಫೋನ್ ಬಂತು. ಅವ್ವನೇ, ತನ್ನ ಫೋನಿನಿಂದ.

"ಮನಿ ಮುಟ್ಟಿದಿವಿ," ಎಂದಳು. ಫೋನು ಅಪ್ಪನಿಗೆ ಕೊಡಲಿಲ್ಲ. ಬಿಲ್ಡಿಂಗಿನ ನೀರಿನ ಟಾಕಿ ಸೋರುತ್ತಿರುವುದು, ಪಕ್ಕದ ಮನೆಯ ಶಿಂದೆಯವರ ಮಗಳ ನಿಶ್ಚಯ, ಲೋಕಲ್‌ನಲ್ಲಿ ಕೂರಲು ಜಾಗ ಸಿಕ್ಕದ್ದು, ಎಲ್ಲ ಹೇಳಿದಳು. ದೋಣಿಯಲ್ಲಿ ತಲೆ ತಿರುಗಲಿಲ್ಲವೆಂದು ಎರಡು ಸಲ ಹೇಳಿದಳು. ನಾನು ಹ್ಞೂಂ ಹ್ಞೂಂ ಎನ್ನುತ್ತ ಹಿಂಬದಿಯ ಕಂಬಿಗೆ ಒರಗಿ ನಿಂತಿದ್ದೆ. ಊರಿನ ದೀಪಗಳು ಒಂದೊಂದಾಗಿ ಹತ್ತಿ, ಒಟ್ಟಾಗಿ, ಒಂದೇ ಗೆರೆಯಾದವು. ಅವಳ ದನಿ ತುಂಡು ತುಂಡಾಗಿ ಬರತೊಡಗಿತು.

"ನೀ ಬರೂ ಹೊತ್ತಿಗೆ," ಎಂದಳು, ಅಷ್ಟೇ ಕೇಳಿಸಿತು.

"ಏನವ್ವಾ?" ಎಂದೆ. ಸಿಗ್ನಲ್ ಹೋಗಿತ್ತು. ಫೋನನ್ನು ಕಿವಿಯಿಂದ ತೆಗೆಯದೆ, ಕೊನೆಯ ದೀಪಸ್ತಂಭದ ಬೆಳಕು ನೀರಿಗೆ ಇಳಿಯುವವರೆಗೂ ಅಲ್ಲೇ ನಿಂತಿದ್ದೆ.