ಗೋಪುರಕ್ಕೆ ಬಳಿದ ಸಿಮೆಂಟು

ಶಫೀವುಲ್ಲಾ ಮೇಸ್ತ್ರಿಗೆ ಅರವತ್ತಾರು. ಮಂಡಿ ಸವೆದಿದೆ, ಧೂಳು ಕುಡಿದು ಕುಡಿದು ಎದೆ ಗೊರಗೊರ ಅನ್ನುತ್ತದೆ. ಆದರೂ ಮಧುಗಿರಿ ಕಡೆಯ ಆ ಪುಟ್ಟ ಚರ್ಚಿನಿಂದ ಫೋನ್ ಬಂದರೆ ಶಿರಾದಲ್ಲಿ ಬಸ್ಸು ಹತ್ತಲೇಬೇಕು. ಅದನ್ನು ಸಾವಿರದ ಒಂಬೈನೂರ ಐವತ್ತಾರರಲ್ಲಿ ಕಟ್ಟಿದ್ದು ಅವರ ಅಬ್ಬಾ, ಯೂನುಸ್ ಮೇಸ್ತ್ರಿ.

ಚರ್ಚೇನೂ ಅರಮನೆಯಲ್ಲ. ಮಂಗಳೂರು ಹೆಂಚಿನ ಉದ್ದನೆಯ ಹಾಲ್, ಕಮಾನಿನ ಆರು ಕಿಟಕಿ, ಬಾಗಿಲ ನೆತ್ತಿಯ ಮೇಲೊಂದು ಚೌಕ ಗೋಪುರ, ತುದಿಗೆ ಶಿಲುಬೆ. ಗೋಪುರ ಅಂತ ಹೆಸರೇ ಹೊರತು ಪಕ್ಕದ ತೆಂಗಿನಮರವನ್ನೂ ದಾಟಿಲ್ಲ. ಇಟ್ಟಿಗೆ, ಗಾಣದಲ್ಲಿ ಅರೆದ ಸುಣ್ಣದ ಗಾರೆ, ಅದಕ್ಕಿಷ್ಟು ಬೆಲ್ಲದ ನೀರು. ಸಿಮೆಂಟಿನ ಸೋಂಕಿರಲಿಲ್ಲ.

ಸೋಂಕು ತಗಲಿಸಿದ್ದು ಮಗ, ಅಂದರೆ ಶಫೀವುಲ್ಲಾ ಮೇಸ್ತ್ರಿಯೇ. ತೊಂಬತ್ತೇಳರಲ್ಲಿ ಗೋಪುರದ ಹೊರಮೈಗೆಲ್ಲ ಸಿಮೆಂಟು ಬಳಿದು ನುಣ್ಣಗೆ ಮಾಡಿದರು. ಎಲ್ಲರೂ ಭೇಷ್ ಅಂದರು. ಒಳಗೆ ಇಳಿದ ಮಳೆನೀರಿಗೆ ಹೊರಬರಲು ದಾರಿಯಿಲ್ಲ ಎಂದು ಮೇಸ್ತ್ರಿಗೆ ಹೊಳೆಯಲು ಹತ್ತು ವರ್ಷ ಬೇಕಾಯಿತು. ಆಮೇಲೆ ಬಿರುಕು ಕಂಡಾಗಲೆಲ್ಲ ಹೋಗಿ, ಬಾಯನ್ನೂ ಬಿರುಕನ್ನೂ ಮುಚ್ಚಿಕೊಂಡು ಬರುತ್ತಿದ್ದರು. ಅದಕ್ಕಿಂತ ಸುಸ್ತಿನ ಕೆಲಸ ಇನ್ನೊಂದಿಲ್ಲ.

ಇವತ್ತು ಮುಚ್ಚುವ ಹಂತ ದಾಟಿತ್ತು. ಇಂಜಿನಿಯರ್ ರೇಣುಕಪ್ರಸಾದ್ ಸುತ್ತಿಗೆಯಲ್ಲಿ ತಟ್ಟಿದ್ದೇ ತಡ, ಬಾಗಿಲಗಲದ ಪ್ಲಾಸ್ಟರ್ ಕಳಚಿ ಬಿತ್ತು. ಹಿಂದಿನ ಇಟ್ಟಿಗೆ ರಾಗಿಹಿಟ್ಟಾಗಿತ್ತು.

"ಕಟ್ಟಿದೋರೇ ಕಳಪೆ ಕೆಲಸ ಮಾಡಿದಾರೆ," ಅಂದ. "ರಿಪೋರ್ಟಲ್ಲಿ ಹಾಗೇ ಬರೀತೀನಿ."

ಚರ್ಚಿನ ಹಿರಿಯ ಚೌರಪ್ಪನವರು ಮೇಸ್ತ್ರಿಯ ಮುಖ ನೋಡಿದರು. "ಯೂನುಸ್ ಸಾಬ್ರು ಅಂಗೆ ಮಾಡೋರಲ್ಲ ಅಂತ ನಮ್ಮಪ್ಪ ಹೇಳೋರು. ಏನ್ ಮೇಸ್ತ್ರಿ?"

ಸುಮ್ಮನಿದ್ದರೆ ಸಾಕಿತ್ತು. ಸತ್ತವರು ಎದ್ದು ಬಂದು ಜಗಳ ಆಡುವುದಿಲ್ಲ. ಅಬ್ಬಾನ ಹೆಸರು ಹಾಳಾಗುತ್ತಿತ್ತು, ಇವರದು ಉಳಿಯುತ್ತಿತ್ತು, ಮೂರು ಗಂಟೆ ಬಸ್ಸಿಗೆ ಮನೆ ಸೇರಬಹುದಿತ್ತು. ಮೇಸ್ತ್ರಿಗೆ ಆಸೆಯೂ ಆಯಿತು.

ಆದರೆ ಕಾಲು ಎಳೆದುಕೊಂಡು ಇಬ್ಬರನ್ನೂ ಗೋಪುರದ ಒಳಕ್ಕೆ, ಗಂಟೆಯ ಹಗ್ಗ ಇಳಿಬಿಟ್ಟ ಕಡೆಗೆ ಕರೆದೊಯ್ದರು. ಅಲ್ಲಿಗೆ ಸಿಮೆಂಟು ಮುಟ್ಟಿರಲಿಲ್ಲ. ಗೋಡೆಗೆ ಮೊಳೆ ಇಟ್ಟು ಹೊಡೆದರು. ಮೊಳೆ ಬಾಗಿತು, ಗಾರೆ ಜಗ್ಗಲಿಲ್ಲ.

"ಇದು ಅಬ್ಬಾನ ಕೆಲಸ. ಹೊರಗೆ ಉದುರಿದ್ದು ನಂದು. ನನ್ನೆಸ್ರು ಬರ್ಕೊಳ್ಳಿ."

ಚೌರಪ್ಪನವರಿಗೆ ಪಾಪ ಅನ್ನಿಸಿತು. "ಬುಡಿ ಮೇಸ್ತ್ರಿ. ಸಿಮೆಂಟ್ ಬಳೀರಿ ಅಂದೋರು ನಾವೇ ಅಲ್ವಾ?"

"ಅಂದ್ರಿ. ಅಬ್ಬಾ ಆಗಿನ್ನೂ ಇದ್ರು. ಇಲ್ಲೇ ಕೆಳಗೆ ಕುಂತ್ಕಂಡು, ಬ್ಯಾಡ ಕಣೋ, ಗೋಡೆ ನೀರು ಕುಡೀತದೆ, ಆರಾಕೆ ಬುಡು ಅಂದ್ರು." ಮೇಸ್ತ್ರಿ ಮೆಟ್ಟಿಲ ಮೇಲೆ ಕೂತರು. "ಆಳುಗಳೆಲ್ಲ ನೋಡ್ತಿದ್ರು. ಅವ್ರ ಮುಂದೇನೇ ಅಬ್ಬಾನ ನೋಡಿ ನಕ್ಬುಟ್ಟೆ."